ಸಿಕ್ತಮ್ಮನ ಉದ್ಗಾರಚಿಹ್ನೆಗಳು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಟಿಕೆಟ್ ಕೌಂಟರಿಗೂ ಶೌಚಾಲಯಕ್ಕೂ ನಡುವೆ ಒಂದು ಕೋಣೆ. ಬಾಗಿಲ ಮೇಲೆ ‘ಕಳೆದುಹೋದ ವಸ್ತುಗಳ ವಿಭಾಗ’ ಎಂಬ ಫಲಕ. ವಿಭಾಗ ಅಂದಕೂಡಲೇ ಹತ್ತಾರು ಜನ ಫೈಲು ಹಿಡಿದು ಓಡಾಡುವ ಕಚೇರಿಯನ್ನು ಕಲ್ಪಿಸಿಕೊಳ್ಳಬೇಡಿ. ಒಬ್ಬ ಹೆಂಗಸು, ಒಂದು ಕಂಪ್ಯೂಟರು, ಒಂದು ಕಾಲಿನಡಿ ರಟ್ಟು ಒತ್ತಿಟ್ಟ ಮೇಜು, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು, ಇಷ್ಟೇ ವಿಭಾಗ. ಆ ಕಪಾಟುಗಳನ್ನು ನೋಡಿದರೆ ಮಾತ್ರ ಮನುಷ್ಯಜಾತಿಯ ಬಗ್ಗೆ ನಿಮಗೆ ಹೊಸ ಜ್ಞಾನ ಬರುತ್ತದೆ. ಕೊಡೆ, ಕನ್ನಡಕ, ಕೈಚೀಲ ಬಿಡಿ, ಅವು ಎಲ್ಲರೂ ಮರೆಯುವಂಥವು. ಇಲ್ಲಿ ಹಲ್ಲುಸೆಟ್ಟು ಮರೆತವರಿದ್ದರು. ಒಂದೇ ಕಾಲಿನ ಬೂಟು ಬಿಟ್ಟು ಇಳಿದವರಿದ್ದರು. ಒಬ್ಬ ಮಹಾರಾಯ ಊರುಗೋಲನ್ನೇ ಸೀಟಿನ ಮೇಲೆ ಬಿಟ್ಟು ಹೋಗಿದ್ದ. ಕುಂಟುತ್ತ ಹತ್ತಿದವನು ನೆಟ್ಟಗೆ ನಡೆದುಕೊಂಡು ಹೋದನೆಂದರೆ ನಮ್ಮ ಬಸ್ಸಿನಲ್ಲಿ ಏನೋ ಪವಾಡ ನಡೆದಿರಬೇಕು ಎಂದು ಡ್ರೈವರುಗಳು ಈಗಲೂ ಜಂಬ ಕೊಚ್ಚಿಕೊಳ್ಳುತ್ತಾರೆ.

ಆ ಕೋಣೆಯ ಹೆಂಗಸನ್ನು ಇಡೀ ನಿಲ್ದಾಣ ಸಿಕ್ತಮ್ಮ ಎಂದು ಕರೆಯುತ್ತಿತ್ತು. ವಸ್ತು ಕಳೆದುಕೊಂಡವರು ಬಂದು ಗುರುತು ಹೇಳಿದಾಗ, ಆಕೆ ಏಣಿ ಹತ್ತಿ, ಧೂಳಿಗೆ ಸೀನಿ, ವಸ್ತು ಕೈಗೆ ತಗುಲಿದ ಕೂಡಲೇ ಏಣಿಯ ತುದಿಯಿಂದಲೇ “ಸಿಕ್ತಮ್ಮಾ!” ಎಂದು ಕೂಗುತ್ತಿದ್ದಳು. ಎದುರಿಗಿದ್ದವರು ಮೀಸೆಯ ಗಂಡಸರಾದರೂ ಅಷ್ಟೇ, ಕೂಗು ಅದೇ. ಟಿಕೆಟ್ ಸಾಲಿನಲ್ಲಿ ನಿಂತವರು ಬೆಚ್ಚಿಬಿದ್ದು ತಿರುಗುತ್ತಿದ್ದರು. ಆಮೇಲೆ ಏನು ಸಿಕ್ಕಿತೆಂದು ತಿಳಿಯದೆಯೇ ನಗುತ್ತಿದ್ದರು.

ಕೆಲವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುತ್ತೇವಲ್ಲ, ಸಿಕ್ತಮ್ಮನಿಗೆ ಮೂಗಿನ ತುದಿಯಲ್ಲೇ ಸಂತೋಷ. ಯಾರದೋ ಕೊಡೆ ಯಾರಿಗೋ ಸಿಕ್ಕಿದರೆ ಇವಳಿಗೆ ರಾತ್ರಿ ಊಟ ಒಂದು ತುತ್ತು ಹೆಚ್ಚು ಸೇರುತ್ತಿತ್ತು. ಮನೆಯಲ್ಲಿ ದರ್ಜಿ ಗಂಡ, ಮಾತು ಕಡಿಮೆ, ಬಾಯಲ್ಲಿ ಸದಾ ಗುಂಡುಸೂಜಿ. ಇವಳು ಇಡೀ ದಿನದ ಕೊಡೆಪುರಾಣ ಹೇಳುತ್ತಿದ್ದರೆ ಅವನು ಗುಂಡುಸೂಜಿಯ ಸಂದಿಯಿಂದ “ಹ್ಞೂಂ” ಎನ್ನುತ್ತಿದ್ದ. ಜೋಡಿ ಎಂದರೆ ಹೀಗಿರಬೇಕು. ಇಬ್ಬರೂ ಮಾತಾಡುವವರೇ ಆದರೆ ಕೇಳುವವರು ಯಾರು?

ಈಕೆ ಮಾಲೀಕರಿಗೆ ಇಮೇಲ್ ಬರೆಯುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಚೀಲದ ಪಟ್ಟಿಯ ಮೇಲೋ, ಪುಸ್ತಕದ ಒಳರಟ್ಟಿನಲ್ಲೋ ವಿಳಾಸ ಸಿಕ್ಕಿದರೆ ಸಾಕು, ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದಳು. ಇಲಾಖೆಯ ನಿಯಮ ಒಂದಿತ್ತು: ಸಿಕ್ಕಿರುವುದು ಏನೆಂದು ಪತ್ರದಲ್ಲಿ ಹೇಳಕೂಡದು. ಹೇಳಿದರೆ ಯಾರು ಬೇಕಾದರೂ ಬಂದು ನನ್ನದೇ ಎನ್ನಬಹುದು, ಮಾಲೀಕರೇ ಬಂದು ಗುರುತು ಹೇಳಬೇಕು. ವಸ್ತುವಿನ ಹೆಸರು ಹೇಳುವಂತಿಲ್ಲ, ಸಂತೋಷ ತಡೆಯುವಂತಿಲ್ಲ. ಎರಡೂ ಸೇರಿ ಪತ್ರ ಹೀಗಾಗುತ್ತಿತ್ತು:

‘ಅಭಿನಂದನೆಗಳು!!! ನೀವೇ ಅದೃಷ್ಟವಂತರು!!! ನೀವು ಕನಸಿನಲ್ಲೂ ನಿರೀಕ್ಷಿಸದ ಒಂದು ಅಮೂಲ್ಯ ವಸ್ತು ನಿಮಗಾಗಿ ಕಾದಿದೆ!! ಏನೆಂದು ಈಗ ಹೇಳಲಾರೆ, ಬಂದರೆ ತಿಳಿಯುತ್ತದೆ!!! ಸಂಪೂರ್ಣ ಉಚಿತ!! ಈ ಅವಕಾಶ ಕೆಲವೇ ದಿನ!! ಇಂದೇ ಬನ್ನಿ, ಗುರುತಿನ ಚೀಟಿ ತನ್ನಿ!!! ಇಂತಿ ನಿಮ್ಮ ಸಿಕ್ತಮ್ಮ!’

ಇಷ್ಟೂ ಕೆಂಪು ದಪ್ಪಕ್ಷರದಲ್ಲಿ. ಕೆಳಗೆ ಒಂದು ಹೂಗುಚ್ಛದ ಚಿತ್ರ. ಚಿತ್ರ ಯಾಕೆ ಎಂದು ಕೇಳಿದರೆ, “ಬರೀ ಅಕ್ಷರ ಕಳಿಸಿದ್ರೆ ಬರಿಗೈಯಲ್ಲಿ ಹೋದ ಹಾಗಿರುತ್ತೆ” ಎನ್ನುತ್ತಿದ್ದಳು.

ಮೊದಮೊದಲು ಜನ ಬರುತ್ತಿದ್ದರು. ಎಲ್ಲರೂ ಅಲ್ಲದಿದ್ದರೂ ಕೋಣೆಗೆ ಗೌರವ ಬರುವಷ್ಟು ಜನ. ಆಮೇಲೆ ನಿಲ್ದಾಣಕ್ಕೆ ಹೊಸ ಬಣ್ಣ ಬಂತು, ಹೊಸ ಬೆಂಚುಗಳು ಬಂದವು, ಎಲ್ಲ ವಿಭಾಗಗಳಿಗೂ ಹೊಸ ಇಮೇಲ್ ವಿಳಾಸ ಬಂತು. ಅಂದಿನಿಂದ ಯಾಕೋ ಕೋಣೆಯ ಬಾಗಿಲಲ್ಲಿ ನೆರಳು ಬೀಳುವುದೇ ನಿಂತುಹೋಯಿತು. ಸಿಕ್ತಮ್ಮ ಇನ್ನೂ ಉತ್ಸಾಹದಿಂದ ಬರೆದಳು. ಎರಡು ಉದ್ಗಾರಚಿಹ್ನೆ ಇದ್ದಲ್ಲಿ ಐದು ಹಾಕಿದಳು. ಒಂದು ಹೂಗುಚ್ಛದ ಜಾಗಕ್ಕೆ ಮೂರು ಬಂದವು. ಕೊನೆಗೆ ಒಂದೇ ಏಟಿಗೆ ನೂರಾರು ಜನಕ್ಕೆ ಕಳಿಸತೊಡಗಿದಳು. ಕೋಣೆ ಮಾತ್ರ ಬಿಕೋ ಎನ್ನುತ್ತಿತ್ತು.

ಜನಕ್ಕೆ ತಮ್ಮ ವಸ್ತುಗಳ ಮೇಲೆ ಪ್ರೀತಿ ಹೋಗಿದೆ ಎಂದು ಅವಳು ತೀರ್ಮಾನಿಸಿದಳು. ಈ ಯೋಚನೆ ಅವಳನ್ನು ನಿಜಕ್ಕೂ ನೋಯಿಸಿತು. ಕಪಾಟಿನ ಎರಡನೇ ಅಂತಸ್ತಿನಲ್ಲಿ ಒಂದು ಮಾತಾಡುವ ಬೊಂಬೆ ಕೂತಿತ್ತು. ತುಟಿ ಅಲ್ಲಾಡಿಸದೆ ಬೊಂಬೆಯ ಬಾಯಿಂದ ಮಾತಾಡಿಸುವ ಕಲಾವಿದರು ಇರುತ್ತಾರಲ್ಲ, ಅಂಥವರ ಬೊಂಬೆ. ಚೌಕಳಿ ಕೋಟು, ಕೆಂಪು ಕೆನ್ನೆ, ಒಂದು ಹುಬ್ಬು ಯಾವಾಗಲೂ ಮೇಲೆ. ಅದಕ್ಕೆ ಹುಬ್ಬಣ್ಣ ಎಂದು ಹೆಸರಿಟ್ಟಿದ್ದಳು. ಕೋಟಿನ ಒಳಜೇಬಿನಲ್ಲಿ ಮಾಲೀಕನ ಇಮೇಲ್ ವಿಳಾಸ ಹೊಲಿದಿತ್ತು. ಎಷ್ಟು ಸಲ ಬರೆದರೂ ಆ ಮನುಷ್ಯ ಬರಲೇ ಇಲ್ಲ. “ನಿನ್ನಂಥವನನ್ನೂ ಮರೀತಾರಲ್ಲೋ ಹುಬ್ಬಣ್ಣ, ಇವರೆಲ್ಲ ಮನುಷ್ಯರೇನೋ” ಎಂದು ಅವಳು ಮಧ್ಯಾಹ್ನದ ಡಬ್ಬಿ ಬಿಚ್ಚುತ್ತ ಅದರ ಹತ್ತಿರ ಗೊಣಗುತ್ತಿದ್ದಳು. ಹುಬ್ಬಣ್ಣ ಹುಬ್ಬೇರಿಸಿಕೊಂಡು ಕೇಳುತ್ತಿದ್ದ.

ಒಂದು ಸೋಮವಾರ ಬೆಳಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ಸಿಕ್ತಮ್ಮ ಕುರ್ಚಿಯಿಂದ ಚಿಮ್ಮಿ ಎದ್ದಳು. ಬಂದವರು ನಿಲ್ದಾಣದ ಮೇಲ್ವಿಚಾರಕರು, ಕೈಯಲ್ಲಿ ಅಳತೆಯ ಟೇಪು. ಸಂಕೋಚದ ಪ್ರಾಣಿ, ಯಾರಿಗಾದರೂ ಬೇಸರದ ಸುದ್ದಿ ಹೇಳಬೇಕಾದರೆ ಗೋಡೆ ನೋಡಿಕೊಂಡು ಹೇಳುವವರು. ಗೋಡೆ ನೋಡುತ್ತಲೇ ಟೇಪಿನ ತುದಿಯನ್ನು ಬಾಗಿಲಿಗೆ ಸಿಕ್ಕಿಸಿದರು.

“ಏನ್ ಅಳೀತಿದ್ದೀರಿ ಸಾರ್?”

“ಕೋಣೆ. ಮೊಬೈಲ್ ಕವರ್ ಮಾರೋರು ಬರ್ತಾರೆ. ನಿಮ್ಮನ್ನ ಟಿಕೆಟ್ ಕೌಂಟರಿಗೆ ಹಾಕ್ತೀವಿ, ಸಾಮಾನೆಲ್ಲ ಹರಾಜಿಗೆ ಹೋಗುತ್ತೆ. ನೋಟಿಸಲ್ಲಿ ಎಲ್ಲ ಬರೆದಿದ್ವಲ್ಲ?”

“ಯಾವ ನೋಟಿಸು?”

ಮೇಲ್ವಿಚಾರಕರು ಮೊದಲ ಬಾರಿಗೆ ಗೋಡೆ ಬಿಟ್ಟು ಅವಳ ಮುಖ ನೋಡಿದರು. “ಇಮೇಲ್ ಕಳಿಸಿ ಬಹಳ ದಿನ ಆಯ್ತು. ಆಕ್ಷೇಪಣೆ ಇದ್ರೆ ಬರೀರಿ ಅಂದಿದ್ವಿ. ನೀವು ಉತ್ತರಾನೇ ಕೊಡಲಿಲ್ಲ, ಒಪ್ಪಿಗೆ ಅಂದ್ಕೊಂಡ್ವಿ.”

“ನಂಗೆ ಬಂದೇ ಇಲ್ಲ ಸಾರ್! ನನ್ನ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ!”

“ಆದ್ರೂ... ಇಲ್ಲಿಗೆ ಯಾರೂ ಬರಲ್ವಲ್ಲಮ್ಮ,” ಎಂದರು ಮೇಲ್ವಿಚಾರಕರು ಮತ್ತೆ ಗೋಡೆಯ ಕಡೆ ತಿರುಗಿ. “ಶುಕ್ರವಾರ ದೊಡ್ಡ ಸಾಹೇಬರು ಕಣ್ಣಾರೆ ನೋಡೋಕೆ ಬರ್ತಾರೆ. ಕೋಣೆ ಹೀಗೇ ಖಾಲಿ ಹೊಡೀತಿದ್ರೆ ನಾನೇನ್ ಮಾಡ್ಲಿ ಹೇಳಿ.”

ಟೇಪು ಸರ್ರನೆ ಒಳಗೆ ಹೋಯಿತು, ಅವರು ಹೊರಗೆ ಹೋದರು. ಸಿಕ್ತಮ್ಮ ಹುಬ್ಬಣ್ಣನ ಮುಂದೆ ಕೂತು ಮೂಗು ಒರೆಸಿಕೊಂಡಳು. ಟಿಕೆಟ್ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತು, ತೂತಿನಿಂದ ಚೀಟಿ ತಳ್ಳುವ ಕೆಲಸ. ಅಲ್ಲಿ ಯಾರಿಗೆ ಏನು ಸಿಕ್ಕಿತೆಂದು ಕೂಗುವುದು? ಬದುಕಿನಲ್ಲಿ ಅವಳು ಇಷ್ಟಪಟ್ಟು ಮಾಡಿದ ಕೆಲಸ ಇದೊಂದೇ. ಇದು ಹೋದರೆ ತಾನೂ ಒಂದು ಮರೆತುಹೋದ ಕೊಡೆಯೇ ಎನ್ನಿಸಿತು. ಅತ್ತು ಮುಗಿದ ಮೇಲೆ ನಾದಿನಿಗೆ ಫೋನ್ ಮಾಡಿದಳು.

ನಾದಿನಿ, ಅಂದರೆ ದರ್ಜಿಯ ತಂಗಿ, ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ಅಲ್ಲಿಂದ ರೋಗಿಗಳಿಗೆ ಹೋಗುವ ಇಮೇಲುಗಳ ಯೋಗಕ್ಷೇಮವೆಲ್ಲ ಅವಳದೇ. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಎನ್ನುವವರು ಈ ಇಬ್ಬರನ್ನು ನೋಡಿಲ್ಲ. ಇವರಿಬ್ಬರೂ ಸೇರಿದರೆ ದರ್ಜಿ ಹೊಲಿಗೆ ಯಂತ್ರ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದ, ಅಷ್ಟು ನಗು. ಕೆಲಸ ಮುಗಿದದ್ದೇ ತಡ ನಾದಿನಿ ಹೆಲ್ಮೆಟ್ಟನ್ನೂ ತೆಗೆಯದೆ ಕೋಣೆಗೆ ನುಗ್ಗಿದಳು.

“ಎಲ್ಲಿ ಅತ್ತಿಗೆ, ನೀವು ಕಳಿಸೋ ಪತ್ರ ಒಂದು ತೋರ್ಸಿ.”

ಸಿಕ್ತಮ್ಮ ಹೆಮ್ಮೆಯಿಂದಲೇ ತೋರಿಸಿದಳು. ನಾದಿನಿ ಓದಿದಳು. ಹೆಲ್ಮೆಟ್ಟಿನೊಳಗಿಂದ ಮೊದಲು ಒಂದು ಗೊರಕೆಯಂಥ ಸದ್ದು ಬಂತು. ಆಮೇಲೆ ಅವಳು ಹೆಲ್ಮೆಟ್ ಕಿತ್ತು, ಮೇಜಿನ ಮೇಲೆ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಜಿನ ಕಾಲಿನಡಿಯ ರಟ್ಟು ಜಾರಿಹೋಯಿತು.

“ಅತ್ತಿಗೆ... ಅಯ್ಯೋ ದೇವ್ರೇ... ‘ಏನೆಂದು ಈಗ ಹೇಳಲಾರೆ’! ‘ಕೆಲವೇ ದಿನ’! ಇದನ್ನ ನೋಡಿದ್ರೆ ನಾನೇ ಪೊಲೀಸಿಗೆ ಫೋನ್ ಮಾಡ್ತಿದ್ದೆ!”

“ಯಾಕೆ? ಸುಳ್ಳೇನಿದೆ ಅದ್ರಲ್ಲಿ? ಒಂದಕ್ಷರ ಸುಳ್ಳಿದ್ರೆ ತೋರ್ಸೇ ನೋಡೋಣ!”

ತೋರಿಸಲಾಗಲಿಲ್ಲ. ಅದೃಷ್ಟ ನಿಜ, ಅಮೂಲ್ಯ ನಿಜ, ಉಚಿತವೂ ನಿಜ. ಲೋಕದ ಮೋಸಗಾರರೆಲ್ಲ ಬಳಸಿ ಬಳಸಿ ಹಳಸಿದ ಮಾತುಗಳನ್ನು ಅತ್ತಿಗೆ ಒಬ್ಬಳೇ ನಿಜ ಹೇಳಲು ಬಳಸುತ್ತಿದ್ದಳು.

ನಾದಿನಿ ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಮೊದಲು ಪರೀಕ್ಷೆಗೆಂದು ತನ್ನ ವಿಳಾಸಕ್ಕೊಂದು, ಅಣ್ಣನ ವಿಳಾಸಕ್ಕೊಂದು ಪತ್ರ ಕಳಿಸಿದಳು. ಎರಡೂ ಬೇಡದ ಪತ್ರಗಳು ಹೋಗಿ ಬೀಳುವ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಬಿದ್ದವು. ದರ್ಜಿ ತನ್ನ ಇಮೇಲನ್ನು ತೆರೆದವನೇ ಅಲ್ಲ, ಫೋನಿನಲ್ಲಿ ತಂಗಿ ಹೇಳಿಕೊಟ್ಟಂತೆ ಒತ್ತುತ್ತ ಹೋಗಿ, “ಯಾರೋ ನಂಗೆ ಚಿನ್ನದ ಗಣಿ ಬರ್ಕೊಟ್ಟಿದಾರಂತಲ್ಲೇ” ಎಂದ. ಗುಂಡುಸೂಜಿ ಬಾಯಿಂದ ಬಿದ್ದ ಸದ್ದು ಇಲ್ಲಿಗೆ ಕೇಳಿಸಿತು.

“ಅದನ್ನ ಮುಟ್ಬೇಡ ಅಣ್ಣ. ಅದರ ಕೆಳಗೆ ಅತ್ತಿಗೆ ಪತ್ರ ಇದ್ಯಾ?”

“ಇದೆ. ಗಣಿ ಪಕ್ಕದಲ್ಲೇ.”

ಮಂಗಳವಾರ ನಾದಿನಿ ಆಸ್ಪತ್ರೆಗೆ ವಾರಪೂರ್ತಿ ರಜೆ ಹಾಕಿದಳು. ಮೊದಲ ಕಾರಣ ಸಿಕ್ಕಿತು, ಅದು ಸಿಕ್ತಮ್ಮನ ತಪ್ಪಾಗಿರಲಿಲ್ಲ. “ನೋಡಿ ಅತ್ತಿಗೆ,” ಎಂದು ವಿವರಿಸಿದಳು, “ದೊಡ್ಡ ಕಟ್ಟಡದ ಗೇಟಲ್ಲಿ ಕಾವಲುಗಾರ ಇರ್ತಾನಲ್ಲ, ಅವನ ಹತ್ರ ಒಳಗೆ ಬಿಡಬೇಕಾದವರ ಹೆಸರು ಇರುತ್ತೆ. ನಿಮ್ಮ ನಿಲ್ದಾಣ ಹೊಸ ವಿಳಾಸ ಮಾಡ್ಕೊಂಡ್ತು. ಆ ವಿಳಾಸದ ಹೆಸರಲ್ಲಿ ಪತ್ರ ಕಳಿಸೋದು ಇಂಥ ಯಂತ್ರ, ಅದು ನಮ್ಮದೇ ಅಂತ ಎಲ್ಲೂ ನೋಂದಾಯಿಸಲಿಲ್ಲ. ಕಾವಲುಗಾರನಿಗೆ ಏನ್ ಗೊತ್ತು? ಯಾರೋ ನಿಲ್ದಾಣದ ಹೆಸರು ಹೇಳ್ಕೊಂಡು ಬಂದಿದಾರೆ ಅಂತ ಕಸಕ್ಕೆ ತಳ್ತಾನೆ.”

ಮುಖ್ಯ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಹೋಯಿತು. ಅಲ್ಲಿದ್ದ ತಂತ್ರಜ್ಞ ಮೊದಲು ನಮ್ಮಲ್ಲಿ ಎಲ್ಲ ಸರಿಯಿದೆ ಎಂದ. ನಾದಿನಿ ಸಕ್ಕರೆಯಂಥ ದನಿಯಲ್ಲಿ ಒಂದೊಂದೇ ಕೇಳುತ್ತ ಹೋದಳು. ಕೊನೆಗೆ ಆತ “ಒಂದ್ನಿಮಿಷ” ಎಂದು ಹೋಗಿ ಬಹಳ ಹೊತ್ತಿಗೆ ಬಂದು, ಹೊಸ ವಿಳಾಸದ ದಾಖಲೆಗಳನ್ನು ಹಾಕುವುದೇ ಮರೆತುಹೋಗಿದೆ ಎಂದು ಮೆತ್ತಗೆ ಒಪ್ಪಿಕೊಂಡ. ಸಿಕ್ತಮ್ಮ ಫೋನಿಗೆ ಬಾಯಿಟ್ಟು, “ಪರವಾಗಿಲ್ಲಪ್ಪ, ಮರೆಯೋರು ಇರೋದಕ್ಕೇ ಅಲ್ವಾ ನಂಗೆ ಕೆಲ್ಸ!” ಎಂದಳು. ಅವನು ನಕ್ಕು ಅಂದೇ ಸರಿಮಾಡಿಕೊಟ್ಟ.

ಬುಧವಾರ ಮತ್ತೆ ಪರೀಕ್ಷೆ. ಪತ್ರ ಮತ್ತೆ ಗಣಿಯ ಪಕ್ಕ!

ನಾದಿನಿ ಕುರ್ಚಿ ತಿರುಗಿಸಿ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು. “ಇನ್ನುಳಿದಿರೋದು ನೀವೇ ಅತ್ತಿಗೆ. ಉದ್ಗಾರಚಿಹ್ನೆ ತೆಗೀಬೇಕು.”

“ಎಷ್ಟು?”

“ಎಲ್ಲಾ.”

ಮುಂದಿನ ಒಂದು ಗಂಟೆ ಹಲ್ಲಿನ ಡಾಕ್ಟರ ಕೋಣೆಯಂತಿತ್ತು. ಒಂದೊಂದು ಚಿಹ್ನೆ ಕಿತ್ತಾಗಲೂ ಸಿಕ್ತಮ್ಮ “ಹಾ” ಎನ್ನುತ್ತಿದ್ದಳು. ಅಭಿನಂದನೆ ಹೋಯಿತು, ಅದೃಷ್ಟ ಹೋಯಿತು, ಉಚಿತ ಹೋಯಿತು. ಕೆಂಪು ಬಣ್ಣ ಕಪ್ಪಾಯಿತು. ಹೂಗುಚ್ಛಕ್ಕಾಗಿ ದೊಡ್ಡ ಯುದ್ಧವೇ ನಡೆಯಿತು.

“ಒಂದು ಹೂವಾದ್ರೂ ಇರ್ಲೇ!”

“ಒಂದು ಎಸಳೂ ಇಲ್ಲ.”

“ಕೊನೇಲಿ ಸಿಕ್ತಮ್ಮ ಅಂತ?”

“ವಿಭಾಗದ ಗುಮಾಸ್ತೆ ಅಂತ. ನಿಲ್ದಾಣದ ಫೋನ್ ನಂಬರ್ ಹಾಕಿ. ಬಸ್ ಯಾವ ದಿನದ್ದು ಅಂತ ಹಾಕಿ. ಆಮೇಲೆ ನೂರು ಜನಕ್ಕೆ ಒಟ್ಟಿಗೆ ಬೇಡ, ಒಬ್ಬೊಬ್ಬರಿಗೆ ಅವರವರ ಹೆಸರು ಹಾಕಿ ಕಳ್ಸೋಣ.”

ಹುಟ್ಟಿದ ಹೊಸ ಪತ್ರ ಹೀಗಿತ್ತು: ‘ಇಂಥ ದಿನದ ಇಂಥ ಬಸ್ಸಿನಲ್ಲಿ ತಾವು ಬಿಟ್ಟುಹೋಗಿರಬಹುದಾದ ವಸ್ತುವೊಂದು ಈ ವಿಭಾಗದಲ್ಲಿದೆ. ಖುದ್ದಾಗಿ ಬಂದು ಗುರುತು ಹೇಳಿ ಪಡೆಯಬಹುದು. ನಮ್ಮ ಹಿಂದಿನ ಪತ್ರಗಳು ತಮ್ಮ ಸ್ಪ್ಯಾಮ್ ಪೆಟ್ಟಿಗೆಯಲ್ಲಿರಬಹುದು, ದಯವಿಟ್ಟು ನೋಡಿ.’ ಸಿಕ್ತಮ್ಮ ಅದನ್ನು ಎರಡು ಸಲ ಓದಿ, ಯಾರೋ ಸತ್ತ ಸುದ್ದಿಯ ಹಾಗಿದೆ ಎಂದಳು. ಕಳಿಸಿ ನೋಡಿದರೆ ನಾದಿನಿಯ ಫೋನು ಟಿಣ್ ಎಂದಿತು. ಪತ್ರ ಮುಂಬಾಗಿಲಿಂದ, ರಾಜಗಾಂಭೀರ್ಯದಿಂದ ಒಳಗೆ ಬಂದಿತ್ತು. ಇಬ್ಬರೂ ಎದ್ದು ಕುಣಿದರು. ಕಪಾಟು ಅಲ್ಲಾಡಿ, ಹುಬ್ಬಣ್ಣನ ಬಾಯಿ ತಾನಾಗಿ ಟಪ್ಪನೆ ತೆರೆದುಕೊಂಡಿತು.

ಗುರುವಾರ ಇಡೀ ದಿನ ಒಬ್ಬೊಬ್ಬರಿಗೇ ಪತ್ರ ಬರೆಯುವುದರಲ್ಲಿ ಕಳೆಯಿತು. ಸಂಜೆಯ ಹೊತ್ತಿಗೆ, ಚಹಾ ಕುಡಿಯುತ್ತ, ನಾದಿನಿ ಸುಮ್ಮನೆ ಕೇಳಿದಳು.

“ಅತ್ತಿಗೆ, ನಿಮ್ಮ ಸ್ಪ್ಯಾಮ್ ಪೆಟ್ಟಿಗೆ ಯಾವತ್ತಾದ್ರೂ ತೆಗೆದು ನೋಡಿದ್ದೀರಾ?”

“ಅದನ್ನ್ಯಾಕೆ ನೋಡ್ಲಿ? ಅದ್ರಲ್ಲಿ ಬರೋದೆಲ್ಲ ಕಳ್ಳರ ಪತ್ರ ತಾನೇ. ಪ್ರತಿ ಶನಿವಾರ ಕಣ್ಮುಚ್ಕೊಂಡು ಖಾಲಿ ಮಾಡ್ತೀನಿ.”

ನಾದಿನಿ ಚಹಾದ ಲೋಟ ಕೆಳಗಿಟ್ಟಳು. ಪೆಟ್ಟಿಗೆ ತೆರೆದಳು.

ಅಲ್ಲಿ ಜನ ತುಂಬಿದ್ದರು. ‘ಮೇಡಂ, ನನ್ನ ಪಿಟೀಲು ನಿಮ್ಮಲ್ಲಿದೆಯೇ? ತುರ್ತು!’ ‘ದಯವಿಟ್ಟು ಉತ್ತರಿಸಿ!! ಹಸಿರು ಚೀಲ, ಒಳಗೆ ನನ್ನ ಅಮ್ಮನ ಕನ್ನಡಕ!!’ ‘ಅಂತಿಮ ಎಚ್ಚರಿಕೆ: ತಕ್ಷಣ ಉತ್ತರಿಸದಿದ್ದರೆ ನಿಮ್ಮ ಕೋಣೆ ಮುಚ್ಚಲಾಗುವುದು!’ ಈ ಕೊನೆಯದು ಮೇಲ್ವಿಚಾರಕರು ಭಾನುವಾರ ಮತ್ತೆ ಕಳಿಸಿದ್ದು. ಅಳುಕುವ ಮನುಷ್ಯ ಕಾಗದದಲ್ಲಿ ಮಾತ್ರ ಹುಲಿ. ಮತ್ತೆ, ಹುಬ್ಬಣ್ಣನ ಒಳಜೇಬಿನಲ್ಲಿದ್ದ ವಿಳಾಸದಿಂದಲೇ ಬಂದ ಒಂದು ಪತ್ರ, ಅದರ ಮೇಲೆ ‘ನನ್ನನ್ನು ಕಾಪಾಡಿ!!!’ ಎಂದಿತ್ತು.

‘ಅಮ್ಮಾ ಸಿಕ್ತಮ್ಮನವರೇ, ಇದು ನಾನು ಬರೆಯುತ್ತಿರುವ ಎಷ್ಟನೆಯ ಪತ್ರವೋ ಲೆಕ್ಕ ತಪ್ಪಿದೆ. ನಾನು ಚೌಕಳಿ ಕೋಟಿನವನು. ನಿಮ್ಮ ಕಪಾಟಿನಲ್ಲಿ ಕೂತಿರುವವನು ನಾನೇ ಅಂತ ನನಗೆ ಗುಮಾನಿ. ನನ್ನ ಮುದುಕ ನಾನಿಲ್ಲದೆ ಬಾಯಿ ಬಿಡುತ್ತಿಲ್ಲ. ದಯವಿಟ್ಟು ಹೌದು ಎನ್ನಿ, ಓಡಿ ಬರುತ್ತಾನೆ!!!’

ಸಿಕ್ತಮ್ಮ ಓದಿ ಮುಗಿಸುವ ಹೊತ್ತಿಗೆ ಅಕ್ಷರಗಳು ಕಲಸಿಹೋಗಿದ್ದವು. ಈ ಕೋಣೆಯಿಂದ ತಾನು ಒಂದು ಗುಂಡಿಯನ್ನೂ ಎಸೆದಿಲ್ಲ ಎಂದು ಅವಳು ಎಲ್ಲರ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದಳು. ಒಂಟಿ ಬೂಟನ್ನೂ ಧೂಳು ಹೊಡೆದು ಇಟ್ಟವಳು, ಬೂಟಿನವರನ್ನು ಶನಿವಾರ ಶನಿವಾರ ಕಸಕ್ಕೆ ಹಾಕಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿ ನಕ್ಕಿದ್ದಳು, ಆ ಕಥೆಯೊಳಗೆ ತಾನೇ ಇರಬಹುದೆಂದು ಯಾರು ಅಂದುಕೊಳ್ಳುತ್ತಾರೆ? ಅವಳಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

“ಜನಕ್ಕೆ ಪ್ರೀತಿ ಇಲ್ಲ ಅಂತ ಬೈಕೊಂಡ್ನಲ್ಲೇ,” ಎಂದಳು. “ಇವ್ರೆಲ್ಲ ಬಾಗಿಲು ಬಡೀತಾ ಇದ್ರು.”

“ಅಳೋದು ಆಮೇಲೆ. ಮೊದ್ಲು ಉತ್ತರ ಬರೀರಿ,” ಎಂದಳು ನಾದಿನಿ, ತಾನೂ ಮೂಗು ಸೇದುತ್ತ. “ಮತ್ತೆ, ಚಿಹ್ನೆ ಹಾಕೋ ಹಾಗಿಲ್ಲ.”

ಸಿಕ್ತಮ್ಮ ತುಟಿ ಕಚ್ಚಿಕೊಂಡು ಬರೆದಳು: ‘ತಮ್ಮ ವಸ್ತು ಈ ವಿಭಾಗದಲ್ಲಿರಬಹುದು. ನಾಳೆ ಬೆಳಗ್ಗೆ ಬರಬಹುದು.’ ಚುಕ್ಕಿ ಇಡುವಾಗ ಅವಳ ಬೆರಳು ತಾನಾಗಿ ಬೇರೆ ಕೀಲಿಯ ಕಡೆ ಹೋಯಿತು. ನಾದಿನಿ ಆ ಬೆರಳಿಗೆ ಒಂದು ಏಟು ಕೊಟ್ಟಳು.

ಶುಕ್ರವಾರ ಬಾಗಿಲು ತೆರೆದಾಗ ಯಾರೂ ಇರಲಿಲ್ಲ. ಸಿಕ್ತಮ್ಮ ಕಪಾಟು ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. ಮೇಲ್ವಿಚಾರಕರು ಒಮ್ಮೆ ಬಂದು ಇಣುಕಿ, ಗೋಡೆ ನೋಡಿ, ಹೋದರು. ಆಮೇಲೆ ಒಬ್ಬ ಹುಡುಗಿ ಓಡುತ್ತ ಬಂದು, “ಪಿಟೀಲು, ಕಂದು ಪೆಟ್ಟಿಗೆ, ಹಿಡಿ ಕಿತ್ತಿದೆ, ದಾರ ಕಟ್ಟಿದೀನಿ!” ಎಂದು ಒಂದೇ ಉಸಿರಿಗೆ ಹೇಳಿದಳು.

ಏಣಿಯ ತುದಿಯಿಂದ ಕೂಗು ಕೇಳಿಸಿತು. “ಸಿಕ್ತಮ್ಮಾ!”

ಆ ಕೂಗಿಗೇ ಕಾದಿದ್ದವರಂತೆ ಜನ ಬರತೊಡಗಿದರು. ಹಸಿರು ಚೀಲದವರು ಬಂದರು. ಹಲ್ಲುಸೆಟ್ಟಿನವರು ಬಂದರು, ಕೈಯಿಂದ ಬಾಯಿ ಮುಚ್ಚಿಕೊಂಡು ಗುರುತು ಹೇಳಿದರು, ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ, ಆದರೆ ಅದೇ ಗುರುತಾಯಿತು. ಸಾಲು ಬಾಗಿಲು ದಾಟಿ, ಬೆಂಚು ದಾಟಿ, ಶೌಚಾಲಯದ ಸಾಲಿಗೆ ಸೇರಿಕೊಂಡು ಯಾರು ಯಾವುದಕ್ಕೆ ನಿಂತಿದ್ದಾರೆ ಎಂಬುದೇ ತಿಳಿಯದಾಯಿತು. ಹೊಸ ಪತ್ರ ಹೇಳಿದಂತೆ ಎಲ್ಲರೂ ತಮ್ಮ ಸ್ಪ್ಯಾಮ್ ಪೆಟ್ಟಿಗೆ ತೆಗೆದು ನೋಡಿದ್ದರು. ಅಲ್ಲಿ ಸಿಕ್ಕ ಹಳೆಯ ಕೆಂಪು ಪತ್ರಗಳನ್ನು ಒಬ್ಬರಿಗೊಬ್ಬರು ಫೋನಿನಲ್ಲಿ ತೋರಿಸಿಕೊಂಡು ನಗುತ್ತಿದ್ದರು. “ನಂಗೆ ಮೂರು ಹೂಗುಚ್ಛ!” “ನಂಗೆ ಒಂದೇ, ನಾನು ಬೇಗ ಕಳ್ಕೊಂಡಿದ್ದೆ!” ಊರುಗೋಲಿನ ಮಹಾರಾಯನೂ ಬಂದ. ಅವನು ಅಂದು ಕುಂಟುತ್ತಿರಲೇ ಇಲ್ಲವಂತೆ, ಊರುಗೋಲು ಅವನ ಮಾವನಿಗೆ ಒಯ್ಯುತ್ತಿದ್ದದ್ದಂತೆ. ಡ್ರೈವರುಗಳಿಗೆ ಈ ವಿಷಯ ಹೇಳಬಾರದೆಂದು ಸಿಕ್ತಮ್ಮ ಅವನಿಂದ ಮಾತು ತೆಗೆದುಕೊಂಡಳು.

ಸಾಲಿನಲ್ಲಿ ಒಬ್ಬರು ಇಸ್ತ್ರಿ ಮಾಡಿದ ಷರಟಿನವರು ಮುಂದೆ ಬಂದರು.

“ಏನ್ ಕಳ್ಕೊಂಡ್ರಿ? ಗುರುತು ಹೇಳಿ,” ಎಂದಳು ಸಿಕ್ತಮ್ಮ.

“ನಾನೇನೂ ಕಳ್ಕೊಂಡಿಲ್ಲ.”

“ಎಲ್ಲಾರೂ ಹಾಗೇ ಅನ್ನೋದು ಸಾರ್. ನಾಚ್ಕೋಬೇಡಿ, ಹಲ್ಲನ್ನೂ ಕೊಟ್ಟಿದೀನಿ ಇವತ್ತು. ನಿಧಾನವಾಗಿ ಯೋಚ್ನೆ ಮಾಡಿ.”

ಅವರ ಹಿಂದೆ ನಿಂತಿದ್ದ ಮೇಲ್ವಿಚಾರಕರು ಕೈಸನ್ನೆ ಮಾಡಿ ಮಾಡಿ ಸೋತಿದ್ದರು. ದೊಡ್ಡ ಸಾಹೇಬರು ನಿಜಕ್ಕೂ ಯೋಚಿಸತೊಡಗಿದರು. “ಹಿಂದೊಂದು ಸಲ ಒಂದು ಮಫ್ಲರು...” ಎಂದು ಶುರುಮಾಡಿದರು. ಅಷ್ಟರಲ್ಲಿ ಜನರನ್ನು ಸೀಳಿಕೊಂಡು ಒಬ್ಬ ಸಣಕಲು ಮುದುಕರು ಮೇಜಿನ ಮುಂದೆ ಬಂದು ನಿಂತರು. ಅವರು ಮಾತಾಡಲಿಲ್ಲ. ಎರಡನೇ ಅಂತಸ್ತಿನ ಕಡೆ ಬೆರಳು ತೋರಿಸಿದರು. ಗುರುತು ಕೇಳಬೇಕೆಂಬ ನಿಯಮ ಸಿಕ್ತಮ್ಮನಿಗೆ ಮರೆತೇಹೋಯಿತು. ಕೂಗಲೂ ಮರೆತಳು. ಬೊಂಬೆಯನ್ನು ಇಳಿಸಿ ಅವರ ತೋಳಿಗೆ ಕೊಟ್ಟಳು.

ಮುದುಕರ ಕೈ ಚೌಕಳಿ ಕೋಟಿನ ಹಿಂದೆ ಸರಿಯಿತು. ಹುಬ್ಬು ಇಳಿಯಿತು, ಮತ್ತೆ ಏರಿತು. ಕೀರಲು ದನಿಯೊಂದು ಇಡೀ ಸಾಲಿಗೆ ಕೇಳಿಸಿತು.

“ಸಿಕ್ತಮ್ಮಾ!”

ಕೋಣೆ ಕಿತ್ತುಹೋಗುವಂತೆ ನಗು. ಬೊಂಬೆ ಕತ್ತು ತಿರುಗಿಸಿ ದೊಡ್ಡ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿತು. “ಇವರು ಯಾರ ಬೊಂಬೆ? ಯಾರಾದ್ರೂ ಬಿಟ್ಟುಹೋದ್ರಾ?” ಎಂದಿತು. ಮೇಲ್ವಿಚಾರಕರು ಕಣ್ಣುಮುಚ್ಚಿಕೊಂಡರು. ಸಾಹೇಬರು ನಕ್ಕಾಗ ಅವರ ಹೊಟ್ಟೆಯ ಹತ್ತಿರ ಷರಟಿನ ಗುಂಡಿಯೊಂದು ಹಾರಿತು. ಅದನ್ನು ಸಿಕ್ತಮ್ಮನೇ ಹುಡುಕಿ ಕೊಟ್ಟಳು.

ಗದ್ದಲ ಇಳಿದ ಮೇಲೆ ಮುದುಕರು ತಮ್ಮದೇ ದನಿಯಲ್ಲಿ, ಬಹಳ ಮೆತ್ತಗೆ ಹೇಳಿದರು. “ನಂಗೆ ಬೇರೆ ಯಾರೂ ಪತ್ರ ಬರೆಯಲ್ಲಮ್ಮ. ಅದಕ್ಕೆ ಕಸದ ಪೆಟ್ಟಿಗೇನೇ ದಿನಾ ಓದ್ತೀನಿ. ನಿಮ್ಮ ಎಲ್ಲಾ ಪತ್ರ ಓದಿದೀನಿ, ಗಟ್ಟಿಯಾಗಿ ಓದಿದೀನಿ. ಏನು ಸಿಕ್ಕಿದೆ ಅಂತ ನೀವು ಹೇಳಿರಲಿಲ್ಲ, ಇವನಲ್ದಿದ್ರೆ ಅನ್ನೋ ಭಯಕ್ಕೆ ಬರದೆ ಬರೀ ಪತ್ರ ಬರೀತಾ ಇದ್ದೆ. ಆದ್ರೆ ನಿನ್ನೆ ಬಂದಿದ್ದು ನೋಡಿ ಹೆದರಿಕೆ ಆಯ್ತು. ಒಂದು ಚಿಹ್ನೆ ಇಲ್ಲ, ಒಂದು ಹೂವಿಲ್ಲ. ಯಾರೋ ಮೋಸಗಾರರು ನಿಮ್ಮ ವಿಭಾಗದ ಹೆಸರಲ್ಲಿ ಬರೆದಿದಾರೆ, ಇಲ್ಲಾ ನಿಮಗೇ ಏನೋ ಆಗಿದೆ ಅಂದ್ಕೊಂಡೆ. ಬೊಂಬೆಗಿಂತ ಹೆಚ್ಚಾಗಿ ನಿಮ್ಮನ್ನ ನೋಡೋಕೇ ಓಡಿಬಂದೆ.”

ಸಿಕ್ತಮ್ಮ ನಾದಿನಿಯ ಕಡೆ ತಿರುಗಿ, “ಕೇಳಿಸ್ಕೊಂಡ್ಯೇನೇ?” ಎಂದಳು. ನಾದಿನಿ ಹೆಲ್ಮೆಟ್ ಹಾಕಿಕೊಂಡುಬಿಟ್ಟಳು, ತುಂಬಿದ ಕಣ್ಣು ಯಾರಿಗೂ ಕಾಣದಿರಲೆಂದು.

ಸಾಹೇಬರು ಹೊರಡುವಾಗ ಕೋಣೆಯ ವಿಷಯ ಏನೂ ಹೇಳಲಿಲ್ಲ. ತೀರ್ಮಾನವನ್ನು ಇಮೇಲಿನಲ್ಲಿ ತಿಳಿಸುತ್ತೇವೆ ಎಂದರಷ್ಟೇ. ಇಮೇಲ್ ಎಂಬ ಮಾತು ಕೇಳಿಯೇ ಸಿಕ್ತಮ್ಮ ಕಂಪ್ಯೂಟರಿನ ಕಡೆ ತಿರುಗಿದಳು. ಶನಿವಾರ ಕಾದಳು, ಬರಲಿಲ್ಲ. ಭಾನುವಾರ ಗಂಡನಿಗೆ ಒಂದೂ ಕೊಡೆಪುರಾಣ ಹೇಳಲಿಲ್ಲ. ಅವನು ಗುಂಡುಸೂಜಿ ತೆಗೆದು, “ಏನಾಯ್ತೇ?” ಎಂದು ತಾನಾಗಿ ಕೇಳಿದ್ದು ಆ ಮನೆಯಲ್ಲಿ ದೊಡ್ಡ ಘಟನೆ.

ಸೋಮವಾರ ಬೆಳಗ್ಗೆ ಬಂದು ಕಂಪ್ಯೂಟರ್ ಹಾಕಿದಳು. ಮುಂಬಾಗಿಲ ಪತ್ರಗಳಲ್ಲಿ ಏನೂ ಇರಲಿಲ್ಲ. ಹೊರಗೆ ಮೊಬೈಲ್ ಕವರಿನವನು ನಿಂತು ಬಾಗಿಲನ್ನೇ ನೋಡುತ್ತಿದ್ದ. ಎರಡನೇ ಅಂತಸ್ತಿನಲ್ಲಿ ಹುಬ್ಬಣ್ಣನ ಜಾಗ ಖಾಲಿ, ಮಾತಾಡೋಣವೆಂದರೆ ಯಾರೂ ಇಲ್ಲ. ಆಗ ಅವಳಿಗೆ ಹೊಸದಾಗಿ ಕಲಿತ ಪಾಠ ನೆನಪಾಯಿತು. ಸ್ಪ್ಯಾಮ್ ಪೆಟ್ಟಿಗೆ ತೆರೆದಳು.

ಅಲ್ಲಿ ಒಂದು ಚಿನ್ನದ ಗಣಿ, ಎರಡು ಲಾಟರಿ, ಅವುಗಳ ನಡುವೆ ಕೆಂಪು ದಪ್ಪಕ್ಷರದ ಒಂದು ಪತ್ರ, ಮೇಲ್ವಿಚಾರಕರದು:

‘ಅಭಿನಂದನೆಗಳು!!! ನಿಮ್ಮ ಕೋಣೆ ನಿಮಗೇ!!! ಸಾಹೇಬರ ಮಫ್ಲರು ಹುಡುಕಿಡಿ!!!’

ಕೆಳಗೆ ಒಂದು ಹೂಗುಚ್ಛವಿತ್ತು. ಗೋಡೆ ನೋಡಿ ಮಾತಾಡುವ ಆ ಮನುಷ್ಯ ಇಷ್ಟು ಚಿಹ್ನೆ ಹಾಕಲು ಅದೆಷ್ಟು ಧೈರ್ಯ ಒಟ್ಟುಮಾಡಿಕೊಂಡರೋ. ಸಿಕ್ತಮ್ಮ ಪತ್ರವನ್ನು ಒಮ್ಮೆ ಓದಿದಳು, ಮತ್ತೊಮ್ಮೆ ಕಪಾಟುಗಳಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. ಆಮೇಲೆ ಕಣ್ಣೊರೆಸಿಕೊಂಡು, ನಾದಿನಿ ಹೇಳಿಕೊಟ್ಟಿದ್ದ ‘ಇದು ಸ್ಪ್ಯಾಮ್ ಅಲ್ಲ’ ಎಂಬ ಗುಂಡಿಯನ್ನು ಒತ್ತಿದಳು. ಮತ್ತೆ ಏಣಿ ಹತ್ತಿದಳು, ಮಫ್ಲರು ಹುಡುಕಲು.